ಮೇಜಿನ ಮೇಲಿನ ಕಡತ

"ಗುರುಗಳೇ, ನಿಮ್ಮ ನಂತರ ಈ ಕೋಡ್ ಯಾರ ಕೈಗೆ?"

ಭಾನುಮತಿ ಇಷ್ಟು ಕೇಳಿ ನಿಂತಳು. ಕೂರು ಅಂದರೂ ಕೂರಲಿಲ್ಲ.

ಧರಣೇಂದ್ರಯ್ಯನವರು ಕಂಪ್ಯೂಟರಿನ ಕರ್ನಲ್‌ನಲ್ಲಿ ಒಂದು ಸಣ್ಣ ಭಾಗದ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು. ಕರ್ನಲ್ ಅಂದರೆ ಯಂತ್ರದೊಳಗೆ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ಪ್ರೋಗ್ರಾಂ. ಅದರಲ್ಲಿ ಅವರ ಪಾಲಿಗೆ ಬಂದಿದ್ದು ಪ್ರೊಸೆಸರಿನ ವೇಗ. ಕೆಲಸ ಹೆಚ್ಚಿದಾಗ ಓಡಿಸಬೇಕು, ಕೆಲಸ ಇಲ್ಲದಾಗ ನಿಧಾನಿಸಬೇಕು, ಬ್ಯಾಟರಿ ಉಳಿಸಬೇಕು. ಅವರ ಹತ್ತಿರ ನಾಲ್ಕು ಮಂದಿ ಈ ಕೆಲಸ ಕಲಿಯುತ್ತಿದ್ದರು. ಹೋದ ಭಾನುವಾರ ನಾಲ್ವರನ್ನೂ ಕೂರಿಸಿಕೊಂಡು, ಈ ತಿಂಗಳ ಕೊನೆಗೆ ನಾನು ಸಾಕು ಮಾಡುತ್ತೇನೆ ಅಂದಿದ್ದರು. ಯಾರಿಗೆ ವಹಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳಿರಲಿಲ್ಲ.

ಭಾನುಮತಿ ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದಳು. ಭಾನುವಾರದಿಂದ ನಾಲ್ವರ ನಡುವೆ ಮಾತು ವಿಪರೀತ ಸಿಹಿಯಾಗಿದೆ. ಮೊದಲು ಜಗಳವಾಡುತ್ತಿದ್ದೆವು, ಈಗ ನೀವು ಹೇಳಿ, ನೀವು ಹೇಳಿ ಅನ್ನುತ್ತಿದ್ದೇವೆ. ವೇಗದ ಕೋಡ್‌ನ ತೊಂದರೆ ಹೇಳಿಕೊಂಡು ಊರೂರುಗಳಿಂದ ಪತ್ರ ಬರುತ್ತಲೇ ಇವೆ, ನಾಲ್ಕು ದಿನಕ್ಕೆ ಹನ್ನೊಂದು ಬಂದಿವೆ, ಒಂದಕ್ಕೂ ಉತ್ತರ ಹೋಗಿಲ್ಲ. ಉತ್ತರ ಬರೆದವರು ಕುರ್ಚಿ ಹತ್ತಲು ಹೊರಟವರು ಅಂತ ಉಳಿದವರಿಗೆ ಅನ್ನಿಸೀತಲ್ಲ. ಹಾಗಾಗಿ ನಾಲ್ವರೂ ಓದಿ ಮೇಜಿನ ಮೇಲೆ ಹಾಗೇ ಬಿಟ್ಟಿದ್ದೇವೆ. ನನಗೆ ಸಿಗಲಿ ಅಂತ ನನಗೆ ಆಸೆ ಇದೆ, ಸುಳ್ಳು ಹೇಳುವುದಿಲ್ಲ. ಸಿಕ್ಕರೆ ಮೂವರು ಮುನಿಸಿಕೊಳ್ಳುತ್ತಾರೆ ಅಂತ ಭಯ. ಬೇರೆಯವರಿಗೆ ಸಿಕ್ಕರೆ ನಾನೇ ಮುನಿಸಿಕೊಂಡೇನು ಅಂತ ಇನ್ನೂ ದೊಡ್ಡ ಭಯ. ಒಟ್ಟಿಗೆ ಕಲಿತವರು ಚೆಲ್ಲಾಪಿಲ್ಲಿ ಆಗುವ ಮೊದಲು ಯಾರಾದರೂ ಒಬ್ಬರ ಹೆಸರು ಹೇಳಿಬಿಡಿ ಅಂದಳು.

ಧರಣೇಂದ್ರಯ್ಯನವರು ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ ಅಂದು ಶುರು ಮಾಡಿದರು.

ಒಬ್ಬ ಮೇಲ್ವಿಚಾರಕ ಇದ್ದ. ಪ್ರೊಸೆಸರಿನ ವೇಗ ನೋಡಿಕೊಳ್ಳುವವನು. ಹೆಸರು ಬೇಡ. ಹೆಸರು ಹೇಳಿದರೆ ನೀನು ಹೋಗಿ ಅವನನ್ನು ಹುಡುಕುತ್ತೀಯ, ಕತೆ ಕೇಳುವುದಿಲ್ಲ.

ಒಂದು ಪ್ರೊಸೆಸರಿನಲ್ಲಿ ನಾಲ್ಕು ಕೋರ್. ನಾಲ್ಕು ಆಳು ಅಂದುಕೋ. ಆಳು ನಾಲ್ಕಾದರೂ ವೇಗ ಒಂದೇ. ಒಂದೇ ಒಲೆಯ ಮೇಲೆ ನಾಲ್ಕು ಪಾತ್ರೆ ಇಟ್ಟ ಹಾಗೆ, ಉರಿ ಹೆಚ್ಚಿಸಿದರೆ ನಾಲ್ಕಕ್ಕೂ ಹೆಚ್ಚು, ತಗ್ಗಿಸಿದರೆ ನಾಲ್ಕಕ್ಕೂ ಕಡಿಮೆ. ಹಾಗಾಗಿ ವೇಗದ ಸಂಗತಿಯೆಲ್ಲ ಒಂದೇ ಕಡತದಲ್ಲಿ ಇರುತ್ತಿತ್ತು. ಎಷ್ಟಕ್ಕಿಂತ ಕೆಳಗೆ ಇಳಿಯಬಾರದು, ಎಷ್ಟಕ್ಕಿಂತ ಮೇಲೆ ಏರಬಾರದು, ಈಗ ಎಷ್ಟಿದೆ. ಕಡತ ಒಂದು, ಆಳು ನಾಲ್ಕು. ಯಾರ ಕೈಗೆ ಕೊಡುವುದು?

ಮೇಲ್ವಿಚಾರಕ ಮೊದಲ ಕೋರಿನ ಕೈಗೆ ಕೊಟ್ಟ. ನೀನೇ ಯಜಮಾನ ಅಂದ. ಉಳಿದ ಮೂವರಿಗೆ ಏನಾದರೂ ಬೇಕಾದರೆ ಯಜಮಾನನನ್ನು ಕೇಳಬೇಕು. ಆ ಕಾಲಕ್ಕೆ ಅದು ತಪ್ಪೇನಲ್ಲ. ಆಗ ಕೋರ್‌ಗಳು ಮಲಗುತ್ತಿರಲಿಲ್ಲ. ಯಂತ್ರ ಹಾಕಿದರೆ ಆರಿಸುವ ತನಕ ನಾಲ್ವರೂ ಎದ್ದೇ ಇರುತ್ತಿದ್ದರು.

ಆಮೇಲೆ ಬ್ಯಾಟರಿಯ ಯಂತ್ರಗಳು ಬಂದವು. ಕೆಲಸ ಇಲ್ಲದ ಕೋರನ್ನು ಮಲಗಿಸಿ ಅಂದರು. ಸರಿ, ಯಜಮಾನ ಮಲಗುವ ಮುಂಚೆ ಕಡತವನ್ನು ಎರಡನೆಯವನಿಗೆ ದಾಟಿಸಬೇಕು. ಅವನು ಮಲಗುವಾಗ ಮೂರನೆಯವನಿಗೆ. ಅಷ್ಟರಲ್ಲಿ ಮೊದಲನೆಯವನು ಎದ್ದು ಬಂದರೆ? ಯಜಮಾನಿಕೆ ವಾಪಸ್ ಅವನಿಗೋ, ಈಗಿನವನಿಗೇ ಇರಲೋ? ದಾಟಿಸುತ್ತಿರುವಾಗಲೇ ಯಾರೋ ಬಂದು ವೇಗ ಎಷ್ಟು ಅಂತ ಕೇಳಿದರೆ ಉತ್ತರ ಕೊಡುವವರು ಯಾರು? ಮೊದಲಿಗೆ ದಾಟಿಸುವುದಕ್ಕೆ ಆರು ಸಾಲು ಕೋಡ್ ಸಾಕಾಗಿತ್ತು. ಒಂದೊಂದು ತೊಂದರೆ ಬಂದಾಗಲೂ ಮೇಲ್ವಿಚಾರಕ ಒಂದಿಷ್ಟು ಸಾಲು ಸೇರಿಸಿದ. ಹನ್ನೆರಡು ವರ್ಷಕ್ಕೆ ನಾನೂರ ಹನ್ನೆರಡು ಸಾಲು ಆಯಿತು. ವೇಗಕ್ಕೂ ಆ ಸಾಲುಗಳಿಗೂ ಸಂಬಂಧವೇ ಇಲ್ಲ ನೋಡು. ಅಷ್ಟೂ ಬರೀ ಪಟ್ಟಾಭಿಷೇಕದ ಗಲಾಟೆ.

ಆ ನಾನೂರ ಹನ್ನೆರಡು ಸಾಲು ಪೂರ್ತಿ ಅರ್ಥವಾಗುವವನು ಅವನೊಬ್ಬನೇ. ಬೇರೆ ಯಾರು ಮುಟ್ಟಿದರೂ ಯಂತ್ರ ಕೈಕೊಡುತ್ತಿತ್ತು, ಕೊನೆಗೆ ಅವನ ಹತ್ತಿರವೇ ಬರಬೇಕಾಗುತ್ತಿತ್ತು. ಅವನು ಗೊಣಗುತ್ತಿದ್ದ. ಒಂದು ಹೊತ್ತು ನೆಮ್ಮದಿಯಾಗಿ ಮಲಗುವ ಹಾಗಿಲ್ಲ, ನಾನಿಲ್ಲದಿದ್ದರೆ ಈ ಮಂದಿಯ ಗತಿ ಏನು ಅನ್ನುತ್ತಿದ್ದ. ಹಾಗೆ ಗೊಣಗುವವರನ್ನು ನಂಬಬೇಡ ತಾಯಿ. ಒಳಗೊಳಗೆ ಅವನಿಗೆ ಖುಷಿಯೋ ಖುಷಿ.

ಹೀಗಿರುವಾಗ ಒಬ್ಬ ಓದುಗನಿಂದ ಪತ್ರ ಬಂತು. ಕಣ್ಣು ಕಾಣದವನು. ಯಾವುದೋ ಊರಿನ ಗ್ರಂಥಾಲಯದಲ್ಲಿ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಯಂತ್ರ ಇತ್ತು. ಬಿಸಿಲಿನಿಂದ ಬ್ಯಾಟರಿ ತುಂಬಿಸಿಕೊಂಡು ನಡೆಯುವಂಥದ್ದು. ಇವನು ಅದರ ಮುಂದೆ ಕೂತು ವಕೀಲಿ ಪರೀಕ್ಷೆಗೆ ಓದುತ್ತಿದ್ದ. ಗ್ರಂಥಾಲಯ ಸಂಜೆ ಏಳರ ತನಕ ತೆರೆದಿರುತ್ತಿತ್ತು. ಯಂತ್ರವೂ ಏಳರ ತನಕ ಬಾಳಬೇಕಾದರೆ ನಿಧಾನ ನಡೆಯಬೇಕು. ಗಟ್ಟಿಯಾಗಿ ಓದುವುದಕ್ಕೆ ಮಹಾ ವೇಗವೇನೂ ಬೇಕಿಲ್ಲವಲ್ಲ. ಅದಕ್ಕೆ ಗ್ರಂಥಪಾಲಕರು ಬೆಳಿಗ್ಗೆ ಬಂದು, ಇದಕ್ಕಿಂತ ಹೆಚ್ಚು ಓಡಬಾರದು ಅಂತ ಒಂದು ಮಿತಿ ಹಾಕಿಕೊಟ್ಟು, ತಮ್ಮ ಕೆಲಸಕ್ಕೆ ಬೇರೆ ಶಾಖೆಗೆ ಹೋಗುತ್ತಿದ್ದರು. ಮಿತಿ ಹಾಕುವ ಅಧಿಕಾರ ಅವರದು ಮಾತ್ರ.

ಮಧ್ಯಾಹ್ನ ಓದುಗ ಊಟಕ್ಕೆ ಹೋದಾಗ ಯಂತ್ರ ಮಲಗುತ್ತಿತ್ತು. ಬಂದು ಎಬ್ಬಿಸಿದರೆ ಮಿತಿ ಮರೆತೇ ಹೋಗಿರುತ್ತಿತ್ತು. ಪೂರ್ತಿ ವೇಗದಲ್ಲಿ ಓಡಿ ಓಡಿ, ನಾಲ್ಕೂವರೆಗೆ ಒಂದು ವಾಕ್ಯದ ಮಧ್ಯೆ ಮಾತು ನಿಲ್ಲಿಸುತ್ತಿತ್ತು. ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು. ಓದುಗ ಬರೆದಿದ್ದ: "ನಾವು ದಿನಾ ಹೇಳಿಕೊಡುತ್ತೇವೆ, ಅದು ದಿನಾ ಮರೆಯುತ್ತದೆ. ಇನ್ನೂ ಕಲಿಯಬೇಕಾದವರು ನಾವೋ, ಯಂತ್ರವೋ?"

ಕಾರಣ ಮೇಲ್ವಿಚಾರಕನಿಗೆ ಕೂಡಲೇ ತಿಳಿಯಿತು. ಯಂತ್ರ ಮಲಗುವುದೆಂದರೆ ನಾಲ್ಕು ಕೋರೂ ಮಲಗುವುದು. ಆಗ ಕಡತ ಹಿಡಿಯುವ ಕೈಯೇ ಇಲ್ಲ. ಹಾಗಾಗಿ ಕೊನೆಗೆ ಮಲಗುವವನು ಕಡತವನ್ನು ಹರಿದು ಹಾಕುತ್ತಿದ್ದ. ಮೊದಲು ಎದ್ದವನು ಹೊಸ ಕಡತ ಬರೆಯುತ್ತಿದ್ದ. ಹೊಸ ಕಡತದಲ್ಲಿ ಗ್ರಂಥಪಾಲಕರ ಮಿತಿ ಎಲ್ಲಿಂದ ಬರಬೇಕು?

ಮೇಲ್ವಿಚಾರಕ ಮೂವತ್ತು ಸಾಲು ಸೇರಿಸಿದ. ಕಡತ ಹರಿಯುವ ಮೊದಲು ಮಿತಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಮಲಗು ಅಂದ. ತನ್ನ ಯಂತ್ರದಲ್ಲಿ ನೋಡಿದ, ಸರಿಯಾಗಿತ್ತು. ಓದುಗನ ಯಂತ್ರದಲ್ಲಿ ಮೊದಲು ಏಳುವವನು ಬೇರೆ ಕೋರ್. ಚೀಟಿ ಇನ್ನೊಬ್ಬನ ಜೇಬಿನಲ್ಲಿ. ಆಮೇಲೆ ನಾಲ್ವರ ಜೇಬಿಗೂ ಚೀಟಿ ಇಟ್ಟ, ಮತ್ತೆ ಇಪ್ಪತ್ತು ಸಾಲು. ಮುಂದಿನ ವಾರ ಓದುಗ ಬರೆದ. ಈ ಸಲ ಯಂತ್ರಕ್ಕೆ ನೆನಪಿತ್ತು ಸ್ವಾಮಿ, ಆದರೆ ನೆನಪಿದ್ದದ್ದು ಹೋದ ವಾರದ ಮಿತಿ ಅಂತ.

ಮೇಲ್ವಿಚಾರಕನಿಗೆ ರೇಗಿತು. ದೊಡ್ಡ ಬ್ಯಾಟರಿ ಹಾಕಿಸಿಕೊಳ್ಳಯ್ಯ ಅಂತ ಉತ್ತರ ಬರೆದ. ಕಳಿಸುವ ಮುಂಚೆ ಒಮ್ಮೆ ಓದಿ ಅಳಿಸಿದ. ಅಷ್ಟು ಮಾನ ಇತ್ತು ಅವನಿಗೆ.

ಆಗ ಒಬ್ಬಳು ಹೊಸಬಳು ಹದಿನೇಳು ತಿದ್ದುಪಡಿ ಕಳಿಸಿದಳು. ನಮ್ಮಲ್ಲಿನ ಕಟ್ಟಳೆ ನಿನಗೆ ಗೊತ್ತೇ ಇದೆ. ದೊಡ್ಡ ಬದಲಾವಣೆಯನ್ನು ಒಂದೇ ಸಲ ತಂದು ಸುರಿಯಬಾರದು. ತುಂಡು ತುಂಡು ಮಾಡಿ ಕಳಿಸಬೇಕು, ಒಂದೊಂದು ತುಂಡು ಹಾಕಿದ ಮೇಲೂ ಯಂತ್ರ ಎದ್ದು ನಡೆಯಬೇಕು. ವಾಸವಿರುವ ಮನೆಯನ್ನು ರಿಪೇರಿ ಮಾಡಿದ ಹಾಗೆ, ಒಂದು ಹೊತ್ತಿನ ಅಡುಗೆಯೂ ತಪ್ಪಬಾರದು. ಅವಳು ಅಚ್ಚುಕಟ್ಟಾಗಿ ಮಾಡಿದ್ದಳು. ಮೊದಲ ಹದಿನೈದರಲ್ಲಿ ಅಲ್ಲಲ್ಲಿ ಚದುರಿದ್ದನ್ನು ಒಂದು ಕಡೆ ತಂದಿದ್ದಳು, ಎರಡೆರಡು ಸಲ ಬರೆದದ್ದನ್ನು ಒಂದು ಸಲ ಮಾಡಿದ್ದಳು. ಮೇಲ್ವಿಚಾರಕ ತಲೆದೂಗುತ್ತ ಓದಿದ. ಹದಿನಾರನೆಯದನ್ನು ಓದಲು ಬಿಚ್ಚಿದ.

ತೆಗೆದುಹಾಕುವ ಸಾಲಿನ ಮುಂದೆ ನಾವು ಕಳೆಯುವ ಗುರುತು ಹಾಕುತ್ತೇವಲ್ಲ. ಹದಿನಾರನೆಯ ತುಂಡಿನಲ್ಲಿ ಪುಟದ ಮೇಲೆ ಪುಟ ಬರೀ ಅದೇ ಗುರುತು. ನಾನೂರ ಹನ್ನೆರಡು ಸಾಲೂ ಹೋಗಿತ್ತು, ಆಮೇಲೆ ಸೇರಿಸಿದ ಚೀಟಿಯ ಐವತ್ತೂ ಹೋಗಿತ್ತು. ಅವಳು ಹೊಸದಾಗಿ ಸೇರಿಸಿದ್ದು ಇಪ್ಪತ್ತಾರು ಸಾಲು. ನಮ್ಮಲ್ಲಿ ಯಾವ ಸಾಲನ್ನು ಯಾರು ಬರೆದರು ಅನ್ನುವುದು ದಾಖಲಾಗಿರುತ್ತದೆ. ಅವಳು ತೆಗೆದ ಒಂದೊಂದು ಸಾಲೂ ಇವನದು.

ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಉರಿಯಿತು. ಹನ್ನೆರಡು ವರ್ಷ ನಿದ್ದೆಗೆಟ್ಟು ಕಟ್ಟಿದ್ದನ್ನು ನಿನ್ನೆ ಮೊನ್ನೆ ಬಂದವಳು ಗುಡಿಸಿ ಹಾಕುತ್ತಾಳಲ್ಲ ಅನ್ನಿಸಿತು. ಬೇಡ ಅನ್ನುವುದಕ್ಕೆ ಕಾರಣ ಸಿಗಲಿಲ್ಲ. ಕಾರಣ ಸಿಗದವರು ಏನು ಮಾಡುತ್ತಾರೆ? ಕೊಕ್ಕೆ ಹಾಕುತ್ತಾರೆ. ಈ ಸಾಲಿನ ಕೊನೆಗೆ ಒಂದು ಖಾಲಿ ಜಾಗ ಹೆಚ್ಚಾಗಿದೆ, ತೆಗೆದು ಮತ್ತೆ ಕಳಿಸು ಅಂದ. ಕಳಿಸಿದಳು. ಈ ವಿವರಣೆಯಲ್ಲಿ ಒಂದು ಪದ ಸರಿಯಿಲ್ಲ ಅಂದ. ತಿದ್ದಿ ಕಳಿಸಿದಳು. ಹದಿನೇಳೂ ತುಂಡು ಆರು ಸಲ ಬಂದು ಹೋದವು. ಆರನೆಯ ಸಲವೂ ಅವಳು ಪತ್ರದ ಕೊನೆಗೆ ವಂದನೆಗಳು ಅಂತಲೇ ಬರೆದಿದ್ದಳು. ಅದು ಅವನಿಗೆ ಚುಚ್ಚಿತು. ಅಷ್ಟರಲ್ಲಿ ಮೂರು ವಾರ ಕಳೆದಿತ್ತು, ಗ್ರಂಥಾಲಯದ ಯಂತ್ರ ದಿನಾ ನಾಲ್ಕೂವರೆಗೇ ನಿಲ್ಲುತ್ತಿತ್ತು.

ಕೊನೆಗೆ ಕೇಳಬೇಕಾದ್ದನ್ನು ಬರೆದು ಕೇಳಿದ.

"ಯಜಮಾನನನ್ನೇ ತೆಗೆದಿದ್ದೀಯಲ್ಲ, ಕಡತ ಯಾರ ಕೈಯಲ್ಲಿ ಇಡುತ್ತೀಯ?"

"ಯಾರ ಕೈಯಲ್ಲೂ ಇಡುವುದಿಲ್ಲ ಸರ್, ಮೇಜಿನ ಮೇಲೆ ಇಡುತ್ತೇನೆ. ನಾಲ್ವರೂ ಮಲಗಿದರೂ ಮೇಜು ಮಲಗುವುದಿಲ್ಲವಲ್ಲ."

"ಎದ್ದ ಮೇಲೆ ಅದನ್ನು ನೋಡಬೇಕಾದವರು ಯಾರು?"

"ಮೊದಲು ಎದ್ದವರು."

ಮೇಲ್ವಿಚಾರಕ ಅದನ್ನು ಎರಡು ಸಲ ಓದಿದ. ಇಷ್ಟು ಸುಲಭವಾಗಿ ಇರುವುದಕ್ಕೆ ಸಾಧ್ಯವೇ ಇಲ್ಲ ಅಂದುಕೊಂಡ. ಹನ್ನೆರಡು ವರ್ಷ ಅವನು ಕೇಳಿಕೊಂಡದ್ದು ಒಂದೇ ಪ್ರಶ್ನೆ, ಇವನಾದ ಮೇಲೆ ಯಾರು ಅಂತ. ಯಾರೋ ಒಬ್ಬ ಇರಲೇಬೇಕೇ ಅನ್ನುವುದನ್ನು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಆದರೂ ಬಿಡಲಿಲ್ಲ ಅವನು. ಅಟ್ಟದ ಮೇಲೆ, ಕೋಡ್ ಹಾಕಿ ಪರೀಕ್ಷಿಸುವ ಹಳೆಯ ಕಂಪ್ಯೂಟರ್ ಬೋರ್ಡ್ ಒಂದಿತ್ತು. ಒಳ್ಳೊಳ್ಳೆಯ ತಿದ್ದುಪಡಿಗಳೆಲ್ಲ ಅದರಲ್ಲಿ ಮುಗ್ಗರಿಸಿದ್ದವು. ಅದನ್ನು ಇಳಿಸಿ, ಧೂಳು ಒರೆಸಿ, ಅವಳ ಹದಿನೇಳನ್ನೂ ಹಾಕಿದ. ವೇಗಕ್ಕೆ ಒಂದು ಮಿತಿ ಹಾಕಿ ಮಲಗಿಸಿದ, ಎಬ್ಬಿಸಿದ. ಮಿತಿ ಇತ್ತು. ಮತ್ತೆ ಮಲಗಿಸಿದ, ಎಬ್ಬಿಸಿದ. ಇತ್ತು. ನೂರು ಸಲ ಮಾಡುತ್ತೇನೆ, ಒಂದು ಸಲ ತಪ್ಪಿದರೂ ವಾಪಸ್ ಕಳಿಸುತ್ತೇನೆ ಅಂತ ಹಟ ಹಿಡಿದು ಕೂತ. ನಲವತ್ತನೆಯ ಸಲದ ತನಕ ತಪ್ಪಲಿ ಅಂತ ನೋಡುತ್ತಿದ್ದ. ಎಂಬತ್ತರ ಹೊತ್ತಿಗೆ ತಪ್ಪದಿರಲಿ ಅಂತ ನೋಡುತ್ತಿದ್ದ. ಮನಸ್ಸು ಎಲ್ಲಿ ತಿರುಗಿತು ಅನ್ನುವುದು ಅವನಿಗೇ ಗೊತ್ತಾಗಲಿಲ್ಲ. ನೂರು ಮುಗಿದಾಗ ಗಟ್ಟಿಯಾಗಿ ನಕ್ಕುಬಿಟ್ಟ. ಒಳಗಿನಿಂದ ಹೆಂಡತಿ ಏನಾಯಿತು ಅಂತ ಕೇಳಿದಳು. ನನ್ನದೆಲ್ಲ ಹೋಯಿತು ಕಣೇ ಅಂದ.

ಹದಿನೇಳನ್ನೂ ಒಪ್ಪಿಕೊಂಡ. ಅವಳ ಹೆಸರಿನ ಕೆಳಗೆ ತನ್ನ ಸಹಿ ಹಾಕಿದ. ತೊಂದರೆ ತಿಳಿಸಿದವರು ಅನ್ನುವ ಕಡೆ ಓದುಗನ ಹೆಸರು ಬರೆದ. ಹತ್ತು ದಿನಕ್ಕೆ ಓದುಗನ ಪತ್ರ ಬಂತು. "ನಿನ್ನೆ ಏಳು ಗಂಟೆಗೆ ಗ್ರಂಥಾಲಯದವರು ಬಾಗಿಲು ಹಾಕುತ್ತೇವೆ ಏಳಿ ಅಂದರು. ಯಂತ್ರ ಇನ್ನೂ ಓದುತ್ತಿತ್ತು." ಪರೀಕ್ಷೆ ಪಾಸಾದನೇ ಅಂತ ಕೇಳಬೇಡ. ಅದು ಅವನ ತಲೆಗೆ ಬಿಟ್ಟದ್ದು, ಪ್ರೊಸೆಸರಿಗಲ್ಲ.

ಆಮೇಲೆ ಒಂದು ವಿಚಿತ್ರ ಆಯಿತು. ಮೇಲ್ವಿಚಾರಕನಿಗೆ ಬರುವ ಪತ್ರ ಕಡಿಮೆಯಾದವು. ಮೊದಲೆರಡು ವಾರ ಅವನಿಗೆ ಕೈ ಮುರಿದ ಹಾಗಿತ್ತು. ನನ್ನನ್ನು ಯಾರೂ ಕೇಳುವುದೇ ಇಲ್ಲವಲ್ಲ ಅಂತ ಪೇಚಾಡಿದ. ನೋಡಿದರೆ ಜನ ತಾವೇ ಓದಿ, ತಾವೇ ತಿದ್ದಿ, ಒಬ್ಬರಿಗೊಬ್ಬರು ಉತ್ತರ ಬರೆಯುತ್ತಿದ್ದರು. ಅವರಿಗೆ ಅರ್ಥವಾಗದಿದ್ದ ಸಾಲುಗಳೇ ಈಗ ಇರಲಿಲ್ಲ. ಉಳಿದದ್ದೆಲ್ಲ ಬರೀ ವೇಗದ ಕೋಡ್. ಓಡಿಸು, ನಿಧಾನಿಸು, ಬ್ಯಾಟರಿ ಉಳಿಸು. ಅವನು ಈ ಕೆಲಸಕ್ಕೆ ಬಂದದ್ದು ಅದರ ಆಸೆಗೆ. ಮತ್ತೆ ಅದನ್ನೇ ಮಾಡಲು ಕೂತ, ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಮಲಗುವ ಅಭ್ಯಾಸವನ್ನೂ ಮಾಡಿಕೊಂಡ. ಹನ್ನೆರಡು ವರ್ಷದಲ್ಲಿ ಅವನಿಗೆ ಅಷ್ಟು ಒಳ್ಳೆಯ ನಿದ್ದೆ ಬಂದಿರಲಿಲ್ಲ.

ಧರಣೇಂದ್ರಯ್ಯನವರು ಅಷ್ಟಕ್ಕೆ ನಿಲ್ಲಿಸಿದರು. ಕನ್ನಡಕ ಹಾಕಿಕೊಂಡರು.

ಭಾನುಮತಿ ಇನ್ನೂ ನಿಂತೇ ಇದ್ದಳು. ಕತೆ ತುಂಬ ಚೆನ್ನಾಗಿದೆ ಅಂದಳು. ಆ ಹೊಸಬಳು ತನಗೆ ಇಷ್ಟವಾದಳು, ಮೇಲ್ವಿಚಾರಕ ಅವಳಿಗಿಂತ ಇಷ್ಟವಾದ ಅಂದಳು. ಆದರೆ ತಾನು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ, ಕೆಳಗೆ ಮೂವರು ಕಾಯುತ್ತಿದ್ದಾರೆ, ಹೋಗಿ ಒಂದು ಹೆಸರು ಹೇಳಬೇಕು ಅಂದಳು.

"ನಿಮ್ಮ ನಂತರ ಯಾರು ಅನ್ನುವುದನ್ನು ನೀವು ಹೇಳಲೇ ಇಲ್ಲ ಗುರುಗಳೇ."

ಧರಣೇಂದ್ರಯ್ಯನವರು ಎದ್ದರು. ತಾವು ಕೂತಿದ್ದ ಕುರ್ಚಿಯನ್ನು ಅವಳ ಕಡೆಗೆ ತಳ್ಳಿದರು. ಊಟ ಆಗಿತ್ತು, ಅವರು ಮಲಗುವ ಹೊತ್ತು. ಬಾಗಿಲ ತನಕ ಹೋಗಿ ತಿರುಗಿ ನೋಡಿದರು.

"ಹನ್ನೊಂದು ಪತ್ರ ನಾಲ್ಕು ದಿನದಿಂದ ಮೇಜಿನ ಮೇಲಿವೆ ತಾಯಿ, ನೀನು ಎದ್ದಿದ್ದೀಯೋ, ಮಲಗಿದ್ದೀಯೋ?"

ಭಾನುಮತಿ ಕುರ್ಚಿ ಎಳೆದುಕೊಂಡು ಕೂತು, ಮೊದಲ ಪತ್ರಕ್ಕೆ ಉತ್ತರ ಬರೆಯತೊಡಗಿದಳು.